ನೆತ್ತಿಯ ಗಂಟು

ಹಿರೇಕೊಟ್ನೆಕಲ್ಲಿನಲ್ಲಿ ಹೆಂಗಸೊಬ್ಬಳು ತೀರಿಕೊಂಡರೆ ಮೊದಲು ಕರೆ ಬರುತ್ತಿದ್ದುದು ಶಿವಬಸಮ್ಮನಿಗೆ. ಅಳುವವರು ಅಳುತ್ತಿರುವಾಗಲೇ ಇವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಣದ ಮೈ ತೊಳೆಸಿ, ಹಣೆಗೆ ವಿಭೂತಿ ಬಳಿದು, ಬಿಳಿ ಅರಿವೆಯ ಪಟ್ಟಿಯನ್ನು ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕುತ್ತಿದ್ದಳು. ಕಟ್ಟದಿದ್ದರೆ ಬಾಯಿ ತೆರೆದೇ ಉಳಿಯುತ್ತದೆ. ಬಾಯಿ ತೆರೆದು ಹೋದವರು ಆಡುವ ಮಾತು ಬಾಕಿ ಇದೆಯೆಂದು ತಿರುಗಿ ಬರುತ್ತಾರೆ. ಇದು ಅವಳ ಅತ್ತೆ ಹೇಳಿಕೊಟ್ಟದ್ದು. ಕುಣಿಯಲ್ಲಿ ಕೂಡ್ರಿಸಿ ಮಣ್ಣೆಳೆಯುವ ಮುಂಚೆ, ಕಟ್ಟಿದವರೇ ಆ ಗಂಟು ಬಿಚ್ಚಬೇಕು ಎನ್ನುವುದನ್ನೂ ಅತ್ತೆಯೇ ಹೇಳಿದ್ದಳು. ಬಿಚ್ಚದಿದ್ದರೆ ಹೋಗುವವರು ಹೋಗಲಾರರು, ಕಟ್ಟಿದ ಜಾಗದಲ್ಲೇ ಕೂತಿರುತ್ತಾರೆ. ಅದಕ್ಕೇ ಶಿವಬಸಮ್ಮ, ಹೆಂಗಸರು ಕುಣಿಯ ತನಕ ಬರಬಾರದೆಂದು ಮೂಗು ಮುರಿಯುವ ಹಿರಿಯರನ್ನೆಲ್ಲ ಪಕ್ಕಕ್ಕೆ ಸರಿಸಿ, ತಾನೇ ತಗ್ಗಿಗಿಳಿದು ಬಿಚ್ಚಿ ಬರುತ್ತಿದ್ದಳು.

ಗಂಡಸರ ಪಾಲಿಗೆ ಇದೇ ಕೆಲಸ ಮಾಡುತ್ತಿದ್ದವರು ಅವಳ ಗಂಡ ಶರಣಯ್ಯನವರು. ಕೊರೊನಾದ ಎರಡನೇ ಬೇಸಿಗೆಯಲ್ಲಿ, ಬೇಡವೆಂದರೂ ಕೇಳದೆ ದೇವದುರ್ಗದಲ್ಲಿ ಯಾರದೋ ಮಣ್ಣಿಗೆ ಹೋಗಿ ಜ್ವರ ತಂದುಕೊಂಡರು. ರಾಯಚೂರಿನ ಆಸ್ಪತ್ರೆಯೊಳಕ್ಕೆ ತಮ್ಮ ಕಾಲ ಮೇಲೆ ನಡೆದು ಹೋದವರು ಊರಿಗೆ ಬಂದದ್ದು ಪ್ಲಾಸ್ಟಿಕ್ ಚೀಲದಲ್ಲಿ. ಬಂದದ್ದೂ ಮನೆಗಲ್ಲ, ಊರ ಹೊರಗೆ ಜೆಸಿಬಿ ತೋಡಿದ ತಗ್ಗಿಗೆ. ಊರವರನ್ನೆಲ್ಲ ಪದ್ಮಾಸನ ಹಾಕಿಸಿ ಕೂಡ್ರಿಸಿ ಕಳಿಸಿದ ಮನುಷ್ಯನನ್ನು ಅಂಗಾತ ಮಲಗಿಸಿದರು. ಚೀಲ ಇಳಿಸುವಾಗ ತಿಳಿ ಹಾಳೆಯ ಒಳಗೆ ಒಂದು ಗಳಿಗೆ ಮುಖ ಕಂಡಿತು. ಬಾಯಿ ಹಾ ಎಂದು ತೆರೆದಿತ್ತು. ಶಿವಬಸಮ್ಮ ಓಡಿಹೋಗಲು ನೋಡಿದಳು, ಪೊಲೀಸರು ಬಿಡಲಿಲ್ಲ.

ಅಂದಿನಿಂದ ಅವರು ಬರತೊಡಗಿದರು. ಕನಸಿನಲ್ಲಾದರೆ ಯಾರಿಗಾದರೂ ಹೇಳಿಕೊಳ್ಳಬಹುದಿತ್ತು. ಇವರು ಹಾಡುಹಗಲೇ ಬಂದು ಮನೆ ಮುಂದಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಬಾಯಿ ತೆರೆದೇ ಇರುತ್ತಿತ್ತು, ಮಾತು ಮಾತ್ರ ಹೊರಡುತ್ತಿರಲಿಲ್ಲ. "ಏನ್ ಬೇಕ್ರೀ?" ಎಂದು ಅವಳು ಕೇಳಿ ಕೇಳಿ ಸೋತಳು. ನಲವತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ಕಂಡರೆ ಅವಳಿಗೆ ಭಯವಾಗುತ್ತಿತ್ತು, ಭಯವಾಗುತ್ತದಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಸತ್ತವರ ಮನೆಗೆ ಹೋಗುವುದನ್ನೇ ಬಿಟ್ಟಳು.

ಮರುವರ್ಷ ಜನವರಿಯಲ್ಲಿ ಗುವಾಹಟಿಯಿಂದ ಫೋನು ಬಂತು. ಒಬ್ಬಳೇ ಮಗಳು ನಾಗರತ್ನಾ ಅಲ್ಲಿದ್ದಳು, ಅಳಿಯನಿಗೆ ರೈಲ್ವೆ ಕೆಲಸ. ಸಣ್ಣಂದಿನಿಂದಲೂ ಅವಳ ಹೃದಯದ ಕವಾಟ ಸರಿಯಿರಲಿಲ್ಲ. ಈಗ ಕುಸಿದು ಬಿದ್ದಿದ್ದಾಳೆ, ನಾಳೆ ಬೆಳಿಗ್ಗೆಯೇ ಎದೆ ತೆರೆಯಬೇಕು, ತಡವಾದರೆ ಕೈ ಮೀರುತ್ತದೆ ಎಂದರು ಡಾಕ್ಟರರು. ಆದರೆ ಹುಡುಗಿ ಹಟ ಹಿಡಿದಿದ್ದಳು. "ಅವ್ವ ಬರೂತನಕ ನಾ ಒಳಗ ಹೋಗಂಗಿಲ್ಲ. ಅಪ್ಪನ ಮುಖಾನೂ ನೋಡಲಿಲ್ಲ ನಾ. ಅವ್ವನ್ನರ ನೋಡ್ತೀನಿ."

ರಾಯಚೂರಿನಲ್ಲಿ ಅಕ್ಕಿ ಗಿರಣಿ ನಡೆಸುವ ಮೈದುನನ ಮಗ ಬಸವಪ್ರಸಾದ ಕಾರು ತಂದ. ಹೈದರಾಬಾದಿನಿಂದ ಮಧ್ಯಾಹ್ನದ ವಿಮಾನ, ಅವನೂ ಜೊತೆಗೆ ಬರುವವನಿದ್ದ. ಹೊರಡುವಾಗ ಶಿವಬಸಮ್ಮ ಕಟ್ಟೆಯ ಕಡೆ ನೋಡಿದಳು. ಅಂದು ಕಟ್ಟೆ ಖಾಲಿಯಿತ್ತು. ಎಷ್ಟೋ ತಿಂಗಳ ಮೇಲೆ ಅವಳಿಗೆ ಎದೆ ಹಗುರವಾಯಿತು.

ಮಾನ್ವಿ ದಾಟುವ ಹೊತ್ತಿಗೇ ಬಸವಪ್ರಸಾದನ ಪಾಠ ಶುರುವಾಯಿತು. ಅವನು ವರ್ಷದಲ್ಲಿ ನಾಲ್ಕಾರು ಸಲ ವಿಮಾನ ಹತ್ತಿದವನು, ಮಾಸ್ಕಿನ ವಿಷಯದಲ್ಲಂತೂ ತನ್ನನ್ನು ಬಿಟ್ಟರಿಲ್ಲ ಎಂದುಕೊಂಡವನು.

"ದೊಡ್ಡವ್ವಾ, ಇದು ಖರೇ ಹತ್ತಿ ಅರಿವಿದು, ಮೆತ್ತಗ ಅದ. ಮೂಗಿನ ಮ್ಯಾಲಿನ ತಂತಿ ಒತ್ತಿ ಕೂಡಿಸಿಬಿಟ್ರ ಚಾಳೀಸಿಗೆ ಆವಿ ಹತ್ತಂಗಿಲ್ಲ. ಮೂಗಿನ ದಂಡಿಗಿ ಒಂದೀಟು ಕೊಬ್ರಿ ಎಣ್ಣಿ ಹಚ್ಕೊ, ತಿಕ್ಕಂಗಿಲ್ಲ. ಹತ್ತೂಕಿಂತ ಮೊದ್ಲ ನೀರು ಕುಡಿ. ಮ್ಯಾಲ ಹೋದಮ್ಯಾಲ ಬಾಯಿಲೆ ಉಸುರು ಎಳೀಬ್ಯಾಡ, ಮೂಗಿಲೆ ಮೆಲ್ಲಕ ತಗೊ. ಮಾತು ಕಡಿಮಿ ಮಾಡು."

"ನೀ ಡಾಕ್ಟರ್ ಆಗೂದು ಬಿಟ್ಟು ಗಿರಣಿ ಹಾಕ್ಕೊಂಡು ಕುಂತಿ ನೋಡಪಾ. ಮಾತು ಕಡಿಮಿ ಮಾಡೂದು ಮೊದ್ಲ ನೀ ಕಲಿ" ಎಂದಳು ಶಿವಬಸಮ್ಮ. ದೇವಸುಗೂರಿನ ಹತ್ತಿರ ಕೃಷ್ಣೆಯ ಸೇತುವೆ ಬಂದಾಗ ಕಾರಿನೊಳಗಿಂದಲೇ ಸೂಗೂರೇಶ್ವರನಿಗೆ ಕೈಮುಗಿದಳು. ಮಗಳನ್ನು ಉಳಿಸಿಕೊಡು, ಬೇರೆ ಏನೂ ಕೇಳುವುದಿಲ್ಲ ಎಂದಳು.

ವಿಮಾನ ನಿಲ್ದಾಣದಲ್ಲಿ ಬಸವಪ್ರಸಾದನ ವಿದ್ಯೆಯೆಲ್ಲ ಮಣ್ಣುಗೂಡಿತು. ಶಿವಬಸಮ್ಮನ ಕಿವಿಯ ಹಾಲೆಗಳು ಹಳೆಯ ಕಾಲದ ಭಾರದ ಓಲೆಗಳಿಂದ ಜೋತುಬಿದ್ದಿದ್ದವು. ಮಾಸ್ಕಿನ ಎಲಾಸ್ಟಿಕ್ ಅಲ್ಲಿ ನಿಲ್ಲುತ್ತಿರಲಿಲ್ಲ. ಅವಳು ಬಾಯಿ ತೆರೆದರೆ ಸಾಕು, ಮಾಸ್ಕು ಗದ್ದಕ್ಕೆ ಇಳಿಯುತ್ತಿತ್ತು. ಗೇಟಿನಲ್ಲಿ ನಿಂತ ಹುಡುಗಿ ಮೊದಲು ನಕ್ಕು ಹೇಳಿದಳು, ಆಮೇಲೆ ನಗದೆ ಹೇಳಿದಳು. ಮೂಗು ಮುಚ್ಚದಿದ್ದರೆ ಹತ್ತಿಸಿಕೊಳ್ಳುವುದಿಲ್ಲ ಎಂದು ಕೊನೆಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು. ಸಾಲು ಕರಗುತ್ತಿತ್ತು. ಇಲ್ಲಿಂದ ತಿರುಗಿ ಕಳಿಸಿದರೆ ಮಗಳ ಗತಿ ಏನೆಂದು ಶಿವಬಸಮ್ಮ ಎರಡೂ ಕೈಯಿಂದ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದಳು.

"ತಡೀ ದೊಡ್ಡವ್ವಾ" ಎಂದ ಬಸವಪ್ರಸಾದ, ಹೆಗಲ ಮೇಲಿನ ಬಿಳಿ ವಲ್ಲಿಯ ಅಂಚನ್ನು ಪರ್ರನೆ ಸೀಳಿದ. ಆ ಪಟ್ಟಿಯನ್ನು ಎಲಾಸ್ಟಿಕ್‌ನ ಎರಡೂ ಕುಣಿಕೆಗಳಿಗೆ ಪೋಣಿಸಿ, ಕಿವಿಗೆ ತಾಗದ ಹಾಗೆ ಮೇಲಕ್ಕೆಳೆದು, ನೆತ್ತಿಯ ಮೇಲೆ ಗಟ್ಟಿಯಾಗಿ ಗಂಟು ಹಾಕಿದ. "ಈಗ ಹ್ಯಾಂಗ ಕುಂತೈತಿ ನೋಡು. ಗುವಾಹಟಿ ತನಕ ಅಳ್ಳಾಡಂಗಿಲ್ಲ."

ಪಾಪ, ಅವನಿಗೇನು ಗೊತ್ತು. ಊರಲ್ಲಿ ಅಷ್ಟು ಹೆಣಗಳಿಗೆ ಕಟ್ಟಿದ ಗಂಟು ತನ್ನ ತಲೆಯ ಮೇಲೆ ಬಿದ್ದಾಗ ಶಿವಬಸಮ್ಮನ ಮೈ ತಣ್ಣಗಾಯಿತು. ಬೇಡವೆಂದರೆ ಗೇಟಿನ ಹುಡುಗಿ ಬಿಡುವುದಿಲ್ಲ. ತಾನೇ ಬಿಚ್ಚಿಕೊಳ್ಳುವ ಹಾಗೂ ಇರಲಿಲ್ಲ. ತನ್ನ ಗಂಟು ತಾನೇ ಬಿಚ್ಚಿಕೊಂಡ ಹೆಣವನ್ನು ಅವಳು ಕಂಡಿರಲಿಲ್ಲ. ಮಗಳಿಗಾಗಿ ಎಂದುಕೊಂಡು ಹೆಜ್ಜೆ ಎತ್ತಿಟ್ಟಳು.

ವಿಮಾನದೊಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಸಾಲಿಗೆ ಸಾಲು ಜನ ನೆಟ್ಟಗೆ ಕೂತಿದ್ದರು. ಎಲ್ಲರ ಬಾಯಿಗೂ ಅರಿವೆ. ಯಾರೂ ಮಾತಾಡುತ್ತಿರಲಿಲ್ಲ, ಕೆಲವರು ಆಗಲೇ ಕಣ್ಣು ಮುಚ್ಚಿದ್ದರು. ಇಷ್ಟು ಜನರನ್ನು ಕೂಡ್ರಿಸಿದವರು ಯಾರು, ಇವರ ಗಂಟು ಬಿಚ್ಚುವವರು ಯಾರು ಎಂದು ಅವಳಿಗೆ ತಲೆ ಸುತ್ತಿ ಬಂತು. ಬಸವಪ್ರಸಾದ ಕೈಹಿಡಿದು ಕಿಟಕಿಯ ಪಕ್ಕ ಕೂಡ್ರಿಸಿದ. ನಡುವಿನ ಸೀಟು ಖಾಲಿ ಉಳಿದಿತ್ತು. ಹರಿದ ವಲ್ಲಿಯನ್ನು ಅವಳ ತೊಡೆಯ ಮೇಲೆ ಹಾಕಿ, ಅವನು ದಾರಿಯ ಬದಿಯ ಸೀಟಿನಲ್ಲಿ ಕೂತ. ವಿಮಾನ ಏರಿ ಸಮ ಆದದ್ದೇ ತಡ, ಗೊರಕೆ ಹೊಡೆಯತೊಡಗಿದ.

ಶಿವಬಸಮ್ಮ ಅವನು ಹೇಳಿದ ಹಾಗೆಯೇ ಮೂಗಿನಿಂದ ಮೆಲ್ಲಗೆ ಉಸಿರೆಳೆದಳು. ಮಾಸ್ಕಿನೊಳಗೆ ತನ್ನದೇ ಬಿಸಿ ಉಸಿರು ಕೆನ್ನೆಗೆ ಬಡಿಯಿತು. ಸತ್ತಿಲ್ಲ ನಾನು ಎಂದುಕೊಂಡಳು. ಕಿಟಕಿಯಾಚೆ ಬಿಳಿ ಮೋಡ ನೋಡಿ ಸ್ವಲ್ಪ ಸಮಾಧಾನವಾಯಿತು. ಈ ಕಡೆ ತಿರುಗಿದರೆ ನಡುವಿನ ಸೀಟಿನಲ್ಲಿ ಶರಣಯ್ಯನವರು ಕೂತಿದ್ದರು.

ಅಷ್ಟು ಜನರಲ್ಲಿ ಬಾಯಿ ತೆರೆದಿದ್ದವರು ಅವರೊಬ್ಬರೇ. ಕಟ್ಟೆಯ ಮೇಲೆ ಅವಳನ್ನೇ ನೋಡುತ್ತಿದ್ದವರು ಇಂದು ಅವಳ ಕಡೆ ನೋಡುತ್ತಿರಲಿಲ್ಲ. ಮುಂದಕ್ಕೆ, ವಿಮಾನ ಹೋಗುವ ದಿಕ್ಕಿಗೆ ನೋಡುತ್ತಿದ್ದರು. ಆಗ ಅವಳಿಗೆ ಅರ್ಥವಾಯಿತು. ಬೆಳಿಗ್ಗೆ ಕಟ್ಟೆ ಖಾಲಿಯಿದ್ದದ್ದು ಇದಕ್ಕೇ. ಅವರು ಹೊರಟಿರುವುದು ಮಗಳ ಕಡೆಗೆ.

"ಯಾಕ ಹೊಂಟೀರಿ?" ಅವಳು ಮಾಸ್ಕಿನೊಳಗೇ ಪಿಸುಗುಟ್ಟಿದಳು. "ನೋಡಾಕೋ, ಕರಕೊಂಡು ಹೋಗಾಕೋ? ಹೇಳ್ರಿ."

ತೆರೆದ ಬಾಯಿ ತೆರೆದೇ ಇತ್ತು. ನಾಗರತ್ನಾ ಎಂದರೆ ಶರಣಯ್ಯನವರಿಗೆ ಜೀವ. ಅವಳ ಗಂಡನ ಮನೆ ದೂರವಾಯಿತೆಂದು ಮದುವೆಯ ದಿನ ಮಗುವಿನ ಹಾಗೆ ಅತ್ತ ಮನುಷ್ಯ. ಅಲ್ಲಿ ಒಂಟಿಯಾಗಿರುವವರಿಗೆ ಮಗಳು ಬೇಕೆನಿಸಿದರೆ ಆಶ್ಚರ್ಯವೇನು?

ಅಂದು ಮಾಡದೆ ಉಳಿದದ್ದನ್ನು ಈಗ ಮಾಡಬೇಕು, ಬಾಯಿ ಕಟ್ಟಿ ಬಿಚ್ಚಿ ಅವರನ್ನು ನೆಮ್ಮದಿಯಾಗಿ ಕಳಿಸಿಬಿಡಬೇಕು ಎಂದು ಅವಳಿಗೆ ಹೊಳೆಯಿತು. ಸಂಚಿಯಿಂದ ವಿಭೂತಿ ತೆಗೆದು ಅವರ ಹಣೆಯಿದ್ದಲ್ಲಿ ಬಳಿದಳು. ಸೀಟಿನ ನೀಲಿ ಬಟ್ಟೆಯ ಮೇಲೆ ಮೂರು ಬೆರಳಿನ ಗುರುತು ಮೂಡಿತು. ತೊಡೆಯ ಮೇಲಿನ ವಲ್ಲಿಯಿಂದ ಉದ್ದ ಪಟ್ಟಿಯೊಂದನ್ನು ಸೀಳಿದಳು. ಗದ್ದದ ಕೆಳಗೆ ಕೈ ಇಟ್ಟಾಗ ಕುರುಚಲು ಗಡ್ಡ ಬೆರಳಿಗೆ ಚುಚ್ಚಿತು. ಮೆಲ್ಲಗೆ ಮೇಲಕ್ಕೆತ್ತಿದಳು. ಬಾಯಿ ಮುಚ್ಚಿತು. ಸೀಟಿನ ತಲೆದಿಂಬನ್ನು ಸುತ್ತಿ ತಂದು ಮೇಲೆ ಗಂಟು ಹಾಕಿದಳು. ಕೆಲಸ ಗೊತ್ತಿದ್ದ ಕೈ.

ಗಗನಸಖಿ ಬಂದು ಹಿಂದಿಯಲ್ಲಿ ಏನೋ ಕೇಳಿದಳು. ಬಸವಪ್ರಸಾದ ಬೆಚ್ಚಿ ಎದ್ದ.

"ಏನ್ ಮಾಡಾಕತ್ತಿ ದೊಡ್ಡವ್ವಾ? ಸೀಟಿಗ್ಯಾಕ ಅರಿವಿ ಕಟ್ಟೀದಿ?"

"ನಿಮ್ಮ ದೊಡ್ಡಪ್ಪ ಕುಂತಾರ. ಗದ್ದ ಕಟ್ಟೀನಿ. ಸುಮ್ನಿರು."

ಅವನಿಗೆ ನಿದ್ದೆಯೆಲ್ಲ ಹಾರಿಹೋಯಿತು. ಹಣೆಯಿರಬೇಕಾದಲ್ಲಿ ವಿಭೂತಿ ನೋಡಿ, ತಾನು ದೊಡ್ಡವ್ವನ ನೆತ್ತಿಯ ಮೇಲೆ ಹಾಕಿದ ಗಂಟು ನೋಡಿ, ಏನು ಮಾಡಿದೆನೆಂದು ಅವನಿಗೂ ತಿಳಿಯಿತು. ಮುದುಕಿಗೆ ಮನಸ್ಸು ಸರಿಯಿಲ್ಲ, ಇಳಿಯುವಾಗ ತೆಗೆಯುತ್ತೇವೆ ಎಂದು ಗಗನಸಖಿಗೆ ಹಿಂದಿಯಲ್ಲಿ ಹೇಳಿ ಕಳಿಸಿದ. ಆಮೇಲೆ ಆ ಸೀಟಿಗೆ ಮೊಣಕೈ ತಾಗದಂತೆ ಮುದುಡಿ ಕೂತ.

ವಿಮಾನ ಗುವಾಹಟಿಯಲ್ಲಿ ಇಳಿಯಿತು. ಎಲ್ಲರೂ ಒಮ್ಮೆಗೇ ಎದ್ದು ಚೀಲ ಎಳೆದಾಡಿದರು. ಶಿವಬಸಮ್ಮ ಗಂಟಿಗೆ ಬೆರಳು ಹಾಕಿದಳು. ಒಂದು ಎಳೆ ಎಳೆದರೆ ಸಾಕು, ಅವರು ಮುಕ್ತರು. ಶರಣಯ್ಯನವರು ಈಗ ಅವಳನ್ನೇ ನೋಡುತ್ತಿದ್ದರು. ಅಂಥ ನೋಟವನ್ನು ಅವಳು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಬೇಡುತ್ತಿದ್ದರು. ಬಾಯಿ ಕಟ್ಟಿದ್ದರಿಂದ ಏನನ್ನು ಬೇಡುತ್ತಿದ್ದಾರೆಂದು ಮಾತ್ರ ತಿಳಿಯಲಿಲ್ಲ.

ಬಿಚ್ಚಿದರೆ ಅವರು ಎಲ್ಲಿಗೆ ಹೋಗುತ್ತಾರೆ? ಹೋಗಬೇಕಾದಲ್ಲಿಗೆ ಹೋಗಬಹುದು. ಆಸ್ಪತ್ರೆಗೂ ಹೋಗಬಹುದು. ಇದನ್ನು ಅತ್ತೆ ಹೇಳಿಕೊಟ್ಟಿರಲಿಲ್ಲ.

"ದೊಡ್ಡವ್ವಾ, ಬಿಚ್ಚು ಲಗೂನ. ಎಲ್ಲಾರೂ ಇಳದ್ರು" ಎಂದ ಬಸವಪ್ರಸಾದ.

ಅವಳು ಗಂಟನ್ನು ಇನ್ನೊಂದು ಸುತ್ತು ಬಿಗಿದಳು. ಉಳಿದ ತುದಿಗಳನ್ನು ತಲೆದಿಂಬಿನ ಹಿಂದೆ, ಯಾರಿಗೂ ಕಾಣದ ಹಾಗೆ ತುರುಕಿದಳು. ವಿಭೂತಿಯ ಗುರುತನ್ನು ಸೆರಗಿನಿಂದ ಒರೆಸಿದಳು. "ನನ್ನ ತಪ್ಪು ನನಗಿರಲಿ. ನೀವು ಇಲ್ಲೇ ಕುಂದರ್ರಿ" ಎಂದು ಗಂಡನಿಗೆ ಹೇಳಿ, ಅವರ ಮೊಣಕಾಲುಗಳನ್ನು ದಾಟಿಕೊಂಡು ದಾರಿಗೆ ಬಂದಳು. ಕೆಳಗಿಳಿಯುವ ತನಕ ಬೆನ್ನ ಮೇಲೆ ಆ ನೋಟ ಇತ್ತು. ಅವಳು ಜೋರಾಗಿ ಅಳುತ್ತಿದ್ದಳು, ತಿರುಗಿ ಮಾತ್ರ ನೋಡಲಿಲ್ಲ.

ಆಸ್ಪತ್ರೆಯಲ್ಲಿ ನಾಗರತ್ನಾ ಬಿಳುಚಿಕೊಂಡು ಮಲಗಿದ್ದಳು. ಅವ್ವನನ್ನು ಕಂಡು ಮೊದಲು ನಕ್ಕಳು. "ಇದೇನವ್ವಾ ವೇಷ? ಬಗ್ಗು, ಮುಖ ತೋರ್ಸು" ಎಂದು ಸೂಜಿ ಚುಚ್ಚಿದ ಕೈಯಿಂದಲೇ ನೆತ್ತಿಯ ಗಂಟು ಬಿಚ್ಚಿದಳು. ಶಿವಬಸಮ್ಮ ಮಗಳ ಕೆನ್ನೆಗೆ ಕೆನ್ನೆ ಒತ್ತಿ ಬಾಯಿ ತುಂಬ ಉಸಿರೆಳೆದುಕೊಂಡಳು. ಬೆಳಿಗ್ಗೆ ಮಗಳನ್ನು ಒಳಗೆ ಕರೆದೊಯ್ದಾಗ ಬಾಗಿಲ ಬಳಿ ಕೂತು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಪರೀಕ್ಷಿಸಿದಳು. ಬಾಯಿ ತೆರೆದವರು, ಗದ್ದಕ್ಕೆ ಪಟ್ಟಿ ಕಟ್ಟಿದ ಮುದುಕರು ಯಾರೂ ಆ ಕಡೆ ಸುಳಿಯಲಿಲ್ಲ. ಮಗಳು ಉಳಿದಳು.

ಮಳೆಗಾಲಕ್ಕೆ ನಾಗರತ್ನಾ ಹಿರೇಕೊಟ್ನೆಕಲ್ಲಿಗೆ ಬಂದು ಕೆಲವು ತಿಂಗಳು ಇದ್ದಳು. ಮೈ ತುಂಬಿಕೊಂಡಿದ್ದಳು, ಕೆನ್ನೆಗೆ ಬಣ್ಣ ಬಂದಿತ್ತು. ಕಟ್ಟೆಯ ಮೇಲೆ ಈಗ ಯಾರೂ ಬಂದು ಕೂಡುತ್ತಿರಲಿಲ್ಲ. ಒಂದು ಸಂಜೆ ಅವ್ವ ಮಗಳು ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ, ಬಲು ಎತ್ತರದಲ್ಲಿ ವಿಮಾನವೊಂದು ಹೋಯಿತು. ಶಿವಬಸಮ್ಮ ಕೈ ನಿಲ್ಲಿಸಿ, ಅದು ಕಣ್ಮರೆಯಾಗುವ ತನಕ ಮೇಲೆ ನೋಡಿದಳು. ಈಚೆಗೆ ಅದು ಅವಳ ರೂಢಿಯಾಗಿತ್ತು.

"ಅವ್ವಾ" ಎಂದಳು ನಾಗರತ್ನಾ. "ನನ್ನ ಎದಿ ಕೊಯ್ದಾಗ ಅಪ್ಪ ಬರ್ತಾರ ಅಂದ್ಕೊಂಡಿದ್ದೆ. ಕನಸಿನಾಗರ ಬಂದು ತಲಿ ಮ್ಯಾಲ ಕೈ ಇಡ್ತಾರ, ಅಂಜಬ್ಯಾಡ ಮಗಳ ಅಂತಾರ ಅಂತ. ಅದಕ್ಕ ಕಾದೆ. ಇವತ್ತಿನ ತನಕ ಒಮ್ಮೆರ ಬಂದಿಲ್ಲ ನೋಡು. ನನ್ನ ಮ್ಯಾಲ ಸಿಟ್ಟೇನವ್ವಾ ಅವರಿಗೆ?"

ಶಿವಬಸಮ್ಮನ ಕೈಯಿಂದ ಕಾಯಿ ಜಾರಿತು. ಅಷ್ಟೇ ಇತ್ತೇನೋ ಅವರ ಬಾಯಲ್ಲಿದ್ದ ಮಾತು. ಅಂಜಬೇಡ ಮಗಳೇ ಎನ್ನಲು ಹೊರಟಿದ್ದರೇನೋ.

"ಸಿಟ್ಟಿಲ್ಲವ್ವಾ" ಎಂದಳು. "ಅವರಿಗೆ ಬರಾಕ ಆಗಿಲ್ಲ."