ಕೆಂಪು ಚುಕ್ಕೆಯ ಲೋಟ

ಪುಣ್ಯ ಕಟ್ಟಿಕೊಳ್ಳೋಣವೆಂದು ರಕ್ತದಾನಕ್ಕೆ ಹೋದ ಉಗ್ರಾಣದ ಗುಮಾಸ್ತ, ಹೆಪಟೈಟಿಸ್ ಬಿ ಎಂಬ ಬಿರುದು ಹೊತ್ತು ಬಂದ.

ಡಾಕ್ಟರು ಸಮಾಧಾನವಾಗಿಯೇ ಹೇಳಿದ್ದರು: "ಈ ವೈರಸ್ಸು ವರ್ಷಗಟ್ಟಲೆ ಲಿವರಲ್ಲಿ ಸದ್ದಿಲ್ಲದೆ ಕೂತಿರುತ್ತೆ. ದಿನಕ್ಕೊಂದು ಮಾತ್ರೆ ತಪ್ಪಿಸಬೇಡಿ, ಅದುಮಿ ಇಡಬಹುದು. ಮನೆಯವರಿಗೆಲ್ಲ ಲಸಿಕೆ ಹಾಕಿಸಿ. ಹರಡೋದು ರಕ್ತದಿಂದ, ಎಂಜಲು ಲೋಟದಿಂದಲ್ಲ."

ಸುದ್ದಿ ಕಚೇರಿಗೂ ಮುಟ್ಟಿತು. ಅಲ್ಲಿನ ಹೆಡ್ ಕ್ಲರ್ಕಿಗೆ ಲಿವರ್ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಿರಲಿಲ್ಲ; ನಿಯಮ ಗೊತ್ತಿತ್ತು. ಉಗ್ರಾಣಕ್ಕೆ ಚೀಟಿ ಬಂತು: 'ಕೆಂಪು ಬಣ್ಣ, ಒಂದು ಡಬ್ಬಿ. ಉದ್ದೇಶ: ರೋಗಿಯ ಲೋಟಕ್ಕೆ ಗುರುತು.' ಕೊಡಬೇಕಾದವನೂ ರೋಗಿಯೇ. ರಿಜಿಸ್ಟರಿನಲ್ಲಿ ಬರೆದು, ತನ್ನ ಲೋಟಕ್ಕೆ ತಾನೇ ಚುಕ್ಕೆ ಇಟ್ಟ. ಹತ್ತೊಂಬತ್ತು ವರ್ಷ ಜೊತೆಗೆ ಉಂಡವರು ಎರಡು ಕುರ್ಚಿ ಬಿಟ್ಟು ಕೂತರು. ಅವನು ಅರ್ಧ ಊಟಕ್ಕೇ ಎದ್ದ. ಮತ್ತೆ ಅವರ ಪಕ್ಕ ಕೂತು ಉಂಡರೆ ಸಾಕಿತ್ತು ಅವನಿಗೆ.

ಮೇಲಧಿಕಾರಿ ತಪಾಸಣೆಗೆ ಬರುವ ದಿನ ಬೆಳಿಗ್ಗೆ ಉಗ್ರಾಣದ ಕನ್ನಡಿ ಮುಂದೆ ಹೆಡ್ ಕ್ಲರ್ಕ್ ಕೆನ್ನೆಗೆ ಸೋಪು ಹಚ್ಚಿ ನಿಂತಿದ್ದರು. ಅರ್ಧ ಗಡ್ಡ ಹೋಗಿತ್ತು.

"ಸಾರ್, ಕಪಾಟಲ್ಲಿಟ್ಟಿದ್ದ ನನ್ನ ರೇಜರ್ ಅದು!"

"ಗೊತ್ತಪ್ಪ. ಪ್ರತಿ ತಪಾಸಣೆಗೂ ಇದೇ ಅಲ್ವಾ? ಭಾರಿ ಹರಿತ. ಎಷ್ಟು ಸಲ ಕುಯ್ಕೊಂಡಿದ್ದೀನಿ!"

ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಿದ್ದುಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ, ರೇಜರ್ ಕಿತ್ತುಕೊಂಡ. "ಲೋಟದಿಂದ ಬರಲ್ಲ ಸಾರ್. ಇದರಿಂದ ಬರುತ್ತೆ."

ಹೆಡ್ ಕ್ಲರ್ಕ್ ಅರ್ಧ ಗಡ್ಡದಲ್ಲೇ ಮೇಲಧಿಕಾರಿಗೆ ನಮಸ್ಕರಿಸಿ, ಲ್ಯಾಬಿಗೆ ಓಡಿದರು. ವರದಿ ಬರುವ ತನಕ ಎರಡು ದಿನ ಗುಮಾಸ್ತನ ಪಕ್ಕದಲ್ಲೇ ಉಂಡರು, ಚುಕ್ಕೆಯ ಲೋಟದಲ್ಲೇ ನೀರು ಕುಡಿದರು. "ಮಾತ್ರೆ ಕಹಿನಾ?" ಎಂದು ಮೆಲ್ಲಗೆ ಕೇಳಿದರು.

ವರದಿ ನೆಗೆಟಿವ್. ಲಸಿಕೆಯ ಮೊದಲ ಸೂಜಿ ಚುಚ್ಚಿಸಿಕೊಂಡವರೇ ಮತ್ತೆ ಎರಡು ಕುರ್ಚಿ ಆಚೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಇಷ್ಟು ದಿನ ಲಿವರಿನೊಳಗೇ ಇದ್ದ ಪಿತ್ತ ಗುಮಾಸ್ತನ ನೆತ್ತಿಗೇರಿತು. ಡಬ್ಬಿಯಲ್ಲಿ ಬಣ್ಣ ಇನ್ನೂ ಇತ್ತು.

ಮರುದಿನ ಊಟದ ಮೇಜಿನ ಮೇಲೆ ಎಲ್ಲರವೂ ಸೇರಿ ಇಪ್ಪತ್ತೆರಡು ಲೋಟ, ಇಪ್ಪತ್ತೆರಡಕ್ಕೂ ಕೆಂಪು ಚುಕ್ಕೆ.

"ಇದರಲ್ಲಿ ನಿನ್ನದು ಯಾವುದಯ್ಯಾ?" ಹೆಡ್ ಕ್ಲರ್ಕ್ ಗದರಿದರು.

"ನನಗೂ ಗೊತ್ತಾಗ್ತಿಲ್ಲ ಸಾರ್. ಡಬ್ಬಿ ಖಾಲಿ ಅಂತ ರಿಜಿಸ್ಟರಲ್ಲಿ ಬರೆದಿದ್ದೀನಿ. ಉದ್ದೇಶ, ಲೋಟಕ್ಕೆ ಗುರುತು."

ಅವರ ಪಕ್ಕದ ಕುರ್ಚಿ ಎಳೆದು ಕೂತ. ಹೆಡ್ ಕ್ಲರ್ಕಿಗೆ ಬಿಕ್ಕಳಿಕೆ ಶುರುವಾಯಿತು. ತಡೆದರು, ತಡೆದರು, ಕೊನೆಗೆ ಕಣ್ಣು ಮುಚ್ಚಿ ಕೈಗೆ ಸಿಕ್ಕ ಲೋಟ ಎತ್ತಿದರು.