ಬಾಯಿಗೆ ಬಂದ ಮಾತು

ನಟನಾ ಶಾಲೆಯ ಕಚೇರಿಯ ಹುಡುಗಿ ಒಂದು ಹಾಳೆ ತಂದು ಮೇಷ್ಟ್ರ ಮುಂದಿಟ್ಟಳು. ಹೊಸ ಕೈಪಿಡಿಯಲ್ಲಿ ಎಲ್ಲ ಶಿಕ್ಷಕರ ಹಿನ್ನೆಲೆಯೂ ಅಚ್ಚಾಗಬೇಕಂತೆ.

"ಹತ್ತು ಸಾಲು ಸಾಕು ಸಾರ್. ಮುಂಚೆ ಏನು ಮಾಡ್ತಿದ್ರಿ, ಯಾರ ಹತ್ರ ಕಲಿತ್ರಿ, ಅಷ್ಟೇ. ಎಲ್ಲರೂ ಕೊಟ್ಟಾಯ್ತು, ನಿಮ್ಮದೊಂದೇ ಬಾಕಿ."

ಬೇರೆಯವರದನ್ನು ಅವಳೇ ಓದಿ ಹೇಳಿದಳು. ಧ್ವನಿಯ ಪಾಠ ಮಾಡುವಾಕೆ ಹದಿನಾಲ್ಕು ವರ್ಷ ನರ್ಸ್ ಆಗಿದ್ದವರು. ಹಾಸ್ಯ ಬರೆಯುವುದನ್ನು ಕಲಿಸುವವನು ಲಿಫ್ಟ್ ರಿಪೇರಿಯವನು. ಮೇಷ್ಟ್ರು ಕಟ್ಟುಹಲ್ಲು ಮಾಡುತ್ತಿದ್ದವರು. "ಆಗಲೂ ಜನರ ಬಾಯಿ ತೆರೆಸ್ತಿದ್ದೆ, ಈಗಲೂ ಅದೇ ಕಸುಬು" ಎಂದು ಹೊಸ ತರಗತಿಯಲ್ಲೆಲ್ಲ ಹೇಳಿ ನಗಿಸುತ್ತಿದ್ದರು. ಮೊದಲ ಪ್ರಶ್ನೆಗೆ ಉತ್ತರ ಸಲೀಸಾಗಿ ಬಂತು. ಎರಡನೆಯದಕ್ಕೆ ಪೆನ್ನು ಏಳಲಿಲ್ಲ.

ಅವರು ಕಲಿತದ್ದು ತಂಗಿಯ ಹತ್ತಿರ.

ಅಪ್ಪ ಬಸ್ ಕಂಡಕ್ಟರ್, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅಮ್ಮ ಮಷೀನಿನ ಮುಂದೆ ಕೂತರೆ ಮಕ್ಕಳಿಬ್ಬರೂ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ. ನಾಲ್ಕು ವರ್ಷ ಚಿಕ್ಕವಳಾದ ಪುಟ್ಟಿಯೇ ಅಲ್ಲಿ ಯಜಮಾನಿ. ಅವಳ ಆಟಕ್ಕೆ ಒಂದೇ ನಿಯಮ: ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು "ಇಲ್ಲ" ಅನ್ನುವ ಹಾಗಿಲ್ಲ. "ಅಣ್ಣಾ, ನಿನ್ನ ತಲೆ ಮೇಲೆ ಕಪ್ಪೆ ಕೂತಿದೆ" ಅಂದರೆ "ಶ್‌, ಮೆಲ್ಲಗೆ ಮಾತಾಡು, ಈಗ ತಾನೇ ನಿದ್ದೆ ಹತ್ತಿದೆ" ಅನ್ನಬೇಕು. ಅಣ್ಣ ತಡವರಿಸಿದರೆ ಔಟು.

ದೊಡ್ಡವರಾದ ಮೇಲೆ ಅದೇ ಆಟವನ್ನು ಇಬ್ಬರೂ ವೇದಿಕೆಗೆ ತಂದರು. ಶನಿವಾರ ಸಂಜೆ, ಕುರ್ಚಿ ಮೇಜು ಮಾರುವ ಅಂಗಡಿಯ ಮೇಲಿನ ಸಭಾಂಗಣ, ಎಂಬತ್ತು ಜನ. ಬರೆದಿಟ್ಟ ನಾಟಕವಿಲ್ಲ. ಪ್ರೇಕ್ಷಕರು ಒಂದು ಪದ ಕೂಗಿದರೆ ಆ ಕ್ಷಣಕ್ಕೆ ತೋಚಿದ್ದನ್ನು ಆಡುವುದು. ಅಣ್ಣ ತಂಗಿ ನಿಂತರೆಂದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಪುಟ್ಟಿಗೆ ಮದುವೆಯಾಗಿ ಮೂರನೆಯ ವರ್ಷ, ಏಳು ತಿಂಗಳು ತುಂಬಿದ ಮೇಲೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಆಸ್ಪತ್ರೆಯಿಂದ ಬಂದವಳು ಯಾರ ಹತ್ತಿರವೂ ಆ ಮಾತು ಎತ್ತಲಿಲ್ಲ. ಒಂದು ದಿನ ಅಣ್ಣನ ಜೊತೆ ಬಸ್ಸಿನಲ್ಲಿ ಕೂತಿದ್ದಾಗ ಮಾತ್ರ ಕೈಚೀಲ ತುಸು ತೆರೆದು ತೋರಿಸಿದಳು. ಅಮ್ಮ ಹೆಣೆದಿದ್ದ, ಹೆಬ್ಬೆರಳುದ್ದದ ಎರಡು ಹಳದಿ ಕಾಲುಚೀಲ.

"ನಮ್ಮನೆಯವರಿಗೂ ಗೊತ್ತಿಲ್ಲ. ಮನೇಲಿಟ್ಟು ಬರೋಕೆ ಮನಸ್ಸಾಗಲ್ಲ ಕಣೋ. ಯಾರಿಗೂ ಹೇಳ್ಬೇಡ."

"ಹೇಳಲ್ಲ" ಎಂದರು ಅಣ್ಣ.

ನಾಲ್ಕು ತಿಂಗಳ ನಂತರ ಅವಳು ಮತ್ತೆ ವೇದಿಕೆ ಹತ್ತಿದಳು. ಹಿಂದಿನ ಸಾಲಿನಿಂದ ಯಾರೋ "ಕೈಚೀಲ!" ಎಂದು ಕೂಗಿದರು. ಅಣ್ಣ ತಪಾಸಣೆ ಮಾಡುವ ಕಾವಲುಗಾರ, ತಂಗಿ ಪ್ರಯಾಣಿಕಳು. ಇಲ್ಲದ ಚೀಲದಿಂದ ಅಣ್ಣ ಒಂದೊಂದೇ ಸಾಮಾನು ತೆಗೆದರು. ಮುರಿದ ಛತ್ರಿ. ಗಂಡನ ಒಂದೇ ಒಂದು ಚಪ್ಪಲಿ. "ಇನ್ನೊಂದು ಅವರ ಕಾಲಲ್ಲೇ ಇದೆ, ಓಡಿಹೋಗದಿರ್ಲಿ ಅಂತ" ಎಂದಳು ಪುಟ್ಟಿ. ಸಭಾಂಗಣದ ಚಾವಣಿ ಹಾರಿಹೋಗುವಂಥ ನಗು. ಆ ನಗುವಿನ ಅಮಲಿನಲ್ಲಿ ಅಣ್ಣನ ಕೈ ಮತ್ತೆ ಚೀಲಕ್ಕಿಳಿಯಿತು. ಎರಡು ಬೆರಳ ತುದಿಯಲ್ಲಿ ಏನನ್ನೋ ಎತ್ತಿ ಹಿಡಿದು ಅವರ ಬಾಯಿ ಹೇಳಿತು:

"ಏನಮ್ಮಾ ಇದು? ಇಷ್ಟು ಪುಟ್ಟ ಕಾಲುಚೀಲ ಯಾರ ಕಾಲಿಗೆ?"

ಪುಟ್ಟಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ, "ನನಗೇ ಸಾರ್. ಒಗೆದೆ, ಕುಗ್ಗಿಬಿಡ್ತು" ಎಂದಳು.

ಆ ಸಂಜೆಯ ಅತಿ ದೊಡ್ಡ ನಗು ಅದು. ಅವಳು ಆಟ ಮುಗಿಸಿದಳು, ಅಣ್ಣನ ಕೈ ಹಿಡಿದು ತಲೆಬಾಗಿದಳು, ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

"ಪುಟ್ಟೀ, ಬೇಕಂತ ಅಂದಿದ್ದಲ್ಲ ಕಣೇ. ಬಾಯಿಗೆ ಬಂದ್ಬಿಡ್ತು."

"ಗೊತ್ತು. ಛತ್ರಿ, ಚಪ್ಪಲಿ, ಅದು. ನಿನಗೆ ಎಲ್ಲಾ ಒಂದೇ ಕಡೆ ಇತ್ತು, ಕೈಗೆ ಸಿಗೋ ಹಾಗೆ."

ಅಷ್ಟೇ. ಅವಳು ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಅಮ್ಮ ಹೋದಾಗ ಬಂದಿದ್ದಳು. ಆಸ್ಪತ್ರೆಯ ಕಾಗದಗಳ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಮೇಷ್ಟ್ರು ವೇದಿಕೆ ಹತ್ತುವುದನ್ನು ಬಿಟ್ಟರು, ಹಲ್ಲಿನ ಕೆಲಸವನ್ನೂ ಬಿಟ್ಟು ಕಲಿಸುವುದಕ್ಕೆ ನಿಂತರು. ಅವಳಿಂದ ಉಳಿದದ್ದು ಆ ಆಟವೊಂದೇ, ಅದನ್ನೂ ಬಿಡುವ ಧೈರ್ಯ ಬರಲಿಲ್ಲ.

ಹಾಳೆಯನ್ನು ಮನೆಗೆ ತಂದಾಗ ಹೆಂಡತಿ ಓದಿದಳು. 'ನನಗೆ ಈ ಕಲೆ ಕಲಿಸಿದವಳು ನನ್ನ ತಂಗಿ' ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿತ್ತು.

"ಅವಳನ್ನ ಕೇಳದೆ ಹಾಕ್ಬೇಡಿ. ಹೋಗಿ ಕೇಳಿ ಬನ್ನಿ" ಎಂದಳು.

ಪುಟ್ಟಿಗೆ ದೊಡ್ಡ ಗ್ರಂಥಾಲಯವೊಂದರ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಕೆಲಸ. ಮಧ್ಯಾಹ್ನದ ಬಿಡುವಿನಲ್ಲಿ ಅಣ್ಣ ಬಾಗಿಲಲ್ಲಿ ನಿಂತಾಗ ಅವಳು ಅಂಟು ಹಚ್ಚುತ್ತಿದ್ದಳು. ಕಿವಿಯ ಹತ್ತಿರ ಕೂದಲು ನೆರೆತಿತ್ತು. ಕೂರಲು ಸ್ಟೂಲು ತೋರಿಸಿದಳು. ಕೈ ಒರೆಸಿಕೊಂಡು ಹಾಳೆ ಓದಿದಳು.

"ನನ್ನನ್ನ ತೆಗೆದುಬಿಡು."

"ನಿಜ ತಾನೇ ಪುಟ್ಟಿ?"

"ನಿಜಾನೇ. ಅದಕ್ಕೇ ತೆಗಿ ಅಂದಿದ್ದು."

ಅಣ್ಣ ಒಂಬತ್ತು ವರ್ಷದಿಂದ ಮನಸ್ಸಿನಲ್ಲೇ ಸಾವಿರ ಸಲ ಹೇಳಿಕೊಂಡಿದ್ದ ಮಾತು ಶುರುಮಾಡಿದರು. "ನಾನು ಮಾಡಿದ್ದು ತಪ್ಪು. ಆ ಕಾಲುಚೀಲ..."

"ನೀನು ಚೀಲ ತೆರೆದೆ, ಅಷ್ಟೇ" ಎಂದಳು ಅವಳು, ತಲೆಯೆತ್ತದೆ. "ಕುಗ್ಗಿಬಿಡ್ತು ಅಂದಿದ್ದು ನಾನು. ಜನ ನಕ್ಕಿದ್ದು ನನ್ನ ಮಾತಿಗೆ. ನನ್ನ ಮಗು ವಿಷಯದಲ್ಲಿ ತಮಾಷೆ ಮಾಡಿದವಳು ನಾನು ಕಣೋ. ಇಲ್ಲ ಅನ್ನಬಾರದು ಅಂತ ನಿಯಮ ಮಾಡಿದ್ದೂ ನಾನೇ."

ಅಣ್ಣನಿಗೆ ಇದು ಎಂದೂ ಹೊಳೆದಿರಲಿಲ್ಲ. ತನ್ನ ಮೇಲಿನ ಸಿಟ್ಟಿಗೆ ದೂರವಾದಳು ಎಂದೇ ಅಂದುಕೊಂಡಿದ್ದರು.

"ನಾನಾದ್ರೂ ಅಲ್ಲೇ ನಿಲ್ಲಿಸ್ಬೇಕಿತ್ತು" ಎಂದರು.

"ಹ್ಞೂಂ, ನಿಲ್ಲಿಸಬಹುದಿತ್ತು. ನಾನು ನಿನ್ನ ಮುಖ ನೋಡ್ದೆ. ನಿಲ್ಲಿಸ್ತೀಯ ಅಂದ್ಕೊಂಡೆ. ನೀನು ಜನರ ಕಡೆ ನೋಡ್ತಿದ್ದೆ."

ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಕತ್ತರಿಸುವ ಯಂತ್ರ ಒತ್ತಿದರು. ಅವಳು ಮತ್ತೆ ಅಂಟಿನ ಬ್ರಷ್ ಎತ್ತಿಕೊಂಡಳು.

"ಆ ಕಾಲುಚೀಲಗಳು ಈಗ ಎಲ್ಲಿವೆ?" ಅಣ್ಣ ಕೇಳಿದರು.

"ಬಿಸಾಕಿದೆ. ಮುಟ್ಟಿದಾಗೆಲ್ಲ ಆ ನಗು ಕೇಳಿಸ್ತಿತ್ತು." ಅಂಟು ಹಚ್ಚುತ್ತಲೇ ಹೇಳಿದಳು, "ಮತ್ತೆ ಬರಬೇಡ ಅಂತ ಹೇಳಲ್ಲ. ಬಾ ಅನ್ನೋಕೂ ಆಗ್ತಿಲ್ಲ. ನಿನ್ನ ನೋಡಿದ್ರೆ ನನಗೆ ನಾನೇ ಕಾಣಿಸ್ತೀನಿ."

ಅವಳು ಬಾಗಿಲವರೆಗೆ ಬಂದಳು. ಅಣ್ಣ ಮೆಟ್ಟಿಲು ಹತ್ತಿ ರಸ್ತೆಗೆ ಬಂದರು. ನಿಲ್ದಾಣದಲ್ಲಿ ತಮ್ಮ ಬಸ್ಸು ಎರಡು ಸಲ ಬಂದು ಹೋದರೂ ಹತ್ತಲಿಲ್ಲ. ನಾಲ್ಕು ಗಂಟೆಯ ತರಗತಿಗೆ ಹೋಗಲೂ ಇಲ್ಲ.

ಮನೆಯಲ್ಲಿ ಹೆಂಡತಿ ಮುಖ ನೋಡಿಯೇ ಅರ್ಥಮಾಡಿಕೊಂಡಳು. ಆದರೂ ಕೇಳಿದಳು: "ಮಾತಾಡಿಸಿದ್ಲಾ?"

"ಮಾತಾಡಿಸಿದ್ಲು."

"ಏನಂದ್ಲು?"

ಮೇಷ್ಟ್ರು ಷೂ ಬಿಚ್ಚಲು ಬಗ್ಗಿದವರು ಹಾಗೇ ಕೂತರು. "ಹೊರಡೋವಾಗ, ಬಾಗಿಲ ಹತ್ರ... 'ಅಣ್ಣಾ, ನಿನ್ನ ಆ ಹಳೇ ಬೆನ್ನು ನೋವು ಈಗ ಹೇಗಿದೆ' ಅಂತ ಕೇಳಿದ್ಲು" ಎಂದರು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಹೆಂಡತಿ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವರ ಷೂ ದಾರವನ್ನು ತಾನೇ ಬಿಚ್ಚಿದಳು.