ಕಣ್ಣಂಚಿನ ಮೀನುಗಳು

ಊರಿನ ಅರ್ಧದಷ್ಟು ಅಂಗಡಿಗಳ ಹೆಸರು ಬರೆದವಳು ಅವಳೇ. ಏಣಿ ಹತ್ತಿ, ಸೀಮೆಸುಣ್ಣ ಸವರಿದ ದಾರ ಎಳೆದು ಗೆರೆ ಹೊಡೆದು, ಕೈ ನಡುಗದೆ ಆಳೆತ್ತರದ ಅಕ್ಷರ ಬರೆಯುತ್ತಿದ್ದವಳನ್ನು ಜನ ಬೋರ್ಡಮ್ಮ ಅಂತಲೇ ಕರೆದರು. ಅರವತ್ತು ದಾಟಿದ ಮೇಲೆ ಕಣ್ಣು ಕೈಕೊಟ್ಟಿತು. ನೇರ ನೋಡಿದರೆ ನೋಡಿದ ಜಾಗದಲ್ಲೇ ಒಂದು ಬೂದು ಮಸುಕು. ಎದುರಿಗಿದ್ದವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

"ಅಂಚಿನ ನೋಟ ಉಳಿಯುತ್ತೆ. ನಡುವಿನದು ಮತ್ತೆ ಬರಲ್ಲ" ಅಂದುಬಿಟ್ಟರು ಕಣ್ಣಿನ ಡಾಕ್ಟರು.

ಅಂದಿನಿಂದ ಮಗಳು ತಾಯಿಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳತೊಡಗಿದಳು. ಚಾಕು ಮುಟ್ಟಬೇಡ, ಒಲೆ ಹತ್ತಿರ ಹೋಗಬೇಡ, ಒಬ್ಬಳೇ ಹೊಸ್ತಿಲು ದಾಟಬೇಡ. ಎಲ್ಲವನ್ನೂ ಪ್ರೀತಿಯಿಂದಲೇ ಹೇಳುತ್ತಿದ್ದಳು. ಅದಕ್ಕೇ ಬೋರ್ಡಮ್ಮನಿಗೆ ತಿರುಗಿ ಬೈಯುವುದಕ್ಕೂ ಆಗುತ್ತಿರಲಿಲ್ಲ.

ಡಾಕ್ಟರನ್ನು ಮತ್ತೆ ಕಾಣಲು ಹೋದಾಗ ಹೊರಗಿನ ಕೋಣೆಯಲ್ಲಿ ಅವಳ ಕುರ್ಚಿಯ ಪಕ್ಕಕ್ಕೆ ಒಂದು ಮೀನಿನ ತೊಟ್ಟಿ ಇತ್ತು. ನೋಡೋಣವೆಂದು ತಿರುಗಿದರೆ ಅದೇ ಬೂದು. ಬೇಸರದಿಂದ ಗೋಡೆಯ ಕಡೆ ಮುಖ ಮಾಡಿದಳು ನೋಡಿ, ಕಣ್ಣಂಚಿನಲ್ಲಿ ಏನೋ ಸರಕ್ಕನೆ ಹೊರಳಿತು. ಕಿತ್ತಳೆ ಬಣ್ಣದ್ದು. ಇನ್ನೊಂದು ಅದರ ಹಿಂದೆ. ತಲೆಯಿಂದ ಬಾಲದವರೆಗೆ ಇಡೀ ಮೀನು! ಎಷ್ಟೋ ತಿಂಗಳ ಮೇಲೆ ಅವಳಿಗೆ ಒಂದು ವಸ್ತು ಪೂರ್ತಿಯಾಗಿ ಕಂಡಿತ್ತು.

ವಾಪಸು ಬರುವಾಗ ಬಸ್ಸಿನಲ್ಲೇ ಮಾತು ತೆಗೆದಳು. "ಮನೆಗೊಂದು ಮೀನಿನ ತೊಟ್ಟಿ ಬೇಕು."

"ನಿಂಗೆ ಕಾಣೋದೇ ಇಲ್ವಲ್ಲಮ್ಮ" ಅಂದಳು ಮಗಳು, ಮೆತ್ತಗೆ.

"ಯಾರಂದ್ರು?"

"ಡಾಕ್ಟರೇ ಅಂದ್ರಲ್ಲ."

"ಡಾಕ್ಟರು ನಡುವೆ ಕಾಣಲ್ಲ ಅಂದ್ರು. ಮೀನು ನನ್ನ ಮೂಗಿನ ಮೇಲೇ ಈಜಬೇಕಾ?"

ಮಗಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ತಿಂಗಳು ನೋಡೋಣ ಅಂದಳು. ಮನೆಯಲ್ಲಿ 'ನೋಡೋಣ' ಅಂದರೆ ಆಗಲ್ಲ ಅಂತಲೇ ಅರ್ಥ.

ಒಂದು ದಿನ ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ ಬೋರ್ಡಮ್ಮ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಗೋಡೆ ಸವರಿಕೊಂಡು, ತಿರುವಿನಲ್ಲಿ ನಿಂತು ಗಾಡಿಗಳ ಸದ್ದು ಕೇಳಿಸಿಕೊಂಡು, ಪಕ್ಕದ ಬೀದಿಯ ಸಾಕು ಮೀನಿನ ಅಂಗಡಿ ತಲುಪಿದಳು. ಒಂದು ಬಗೆಯ ಕೊಬ್ಬೂ ಏರಿತ್ತು ಅನ್ನಿ.

"ಜೊತೆಗೆ ಯಾರು ಬಂದಿದಾರಮ್ಮ?" ಅಂದ ಅಂಗಡಿಯವ.

"ನನ್ನ ಎರಡು ಕಾಲು."

ಸಾಲು ತೊಟ್ಟಿಗಳಿಗೆ ಓರೆಯಾಗಿ ನಿಂತು ಅವಳು ಬಾಗಿಲ ಕಡೆ ಮುಖ ಮಾಡಿದಳು. ಅಂಗಡಿಯವ ಕೆಮ್ಮಿದ. "ಮೀನು ಈ ಕಡೆ ಇದಾವಮ್ಮ."

"ಗೊತ್ತು. ಅದಕ್ಕೇ ಆ ಕಡೆ ನೋಡ್ತಿದೀನಿ."

ಅವನು ಮೊದಲು ನಿಯಾನ್ ಟೆಟ್ರಾ ಅನ್ನುವ ಪುಟಾಣಿ ಮೀನು ತೋರಿಸಿದ. ಎಲ್ಲರೂ ಅದನ್ನೇ ಒಯ್ಯುತ್ತಾರಂತೆ. ಅವಳ ಕಣ್ಣಿಗೆ ಅದು ಚೆಲ್ಲಿದ ಸಾಸಿವೆಯ ಹಾಗೆ ಕಂಡು ಮಾಯವಾಯಿತು. ಗೋಲ್ಡ್‌ಫಿಶ್ ಮಾತ್ರ ಚೆನ್ನಾಗಿ ಕಂಡಿತು, ದಪ್ಪಗೆ, ಕೆಂಡದ ಹಾಗೆ. ಅವಳ ಮನಸ್ಸು ಅದರ ಮೇಲೆ ನಿಂತಿತು.

ಅಂಗಡಿಯವ ಒಳ್ಳೆಯವನು, ಇದ್ದದ್ದು ಇದ್ದ ಹಾಗೆ ಹೇಳಿದ. "ಬೇಡಮ್ಮ. ಅದು ದೊಡ್ಡದಾಗಿ ಬೆಳೆಯೋ ಜಾತಿ, ನೀವು ಕೇಳ್ತಿರೋ ತೊಟ್ಟಿ ಸಾಲಲ್ಲ. ತೊಟ್ಟಿಯೊಳಗಿನ ಗಿಡಾನೂ ಬುಡಸಮೇತ ಕಿತ್ತು ತಿನ್ನುತ್ತೆ. ಗಿಡ ಬೇಕು ಅಂದ್ರೆ ಗೋಲ್ಡ್‌ಫಿಶ್ ಬಿಡಿ."

ಗಿಡ ಬೇಕೇ ಬೇಕಿತ್ತು. ಒಂದು ತೊಟ್ಟಿಯಲ್ಲಿ ರಿಬ್ಬನ್ನಿನಂಥ ಉದ್ದನೆಯ ಹುಲ್ಲು ನೀರಿನ ಸೆಳೆತಕ್ಕೆ ಬಳುಕುತ್ತಿದ್ದದ್ದು ಅವಳಿಗೆ ಆಗಲೇ ಕಂಡಿತ್ತು. ಅಲುಗಾಡುವುದೆಲ್ಲ ಅವಳ ಪಾಲಿಗೆ ಇತ್ತು, ನಿಂತದ್ದು ಇರಲಿಲ್ಲ. ಇನ್ನೂ ಹುಡುಕಿದಳು. ಪಟ್ಟೆ ಪಟ್ಟೆಯ ಜೀಬ್ರಾ ಡೇನಿಯೊ, ಒಂದು ಗಳಿಗೆ ನಿಲ್ಲದ ಚಡಪಡಿಕೆ ಮೀನು. "ಇದು" ಅಂದಳು. ಆಮೇಲೆ ಕಿತ್ತಳೆ ಬಣ್ಣದ ಪ್ಲಾಟಿ, ದುಂಡಗೆ, ನಿಧಾನ. "ಇದೂ."

"ಪ್ಲಾಟಿ ಆದ್ರೆ ಗಂಡು ಮಾತ್ರ ಒಯ್ಯಿರಿ. ಜೋಡಿ ಕೊಟ್ರೆ ಮನೆ ತುಂಬಾ ಮರಿ ಮಾಡುತ್ತೆ."

ಅವನು ತೋರಿಸಿದ ನೀಲಿ ಕಲ್ಲುಗಳಿಗೆ ಅವಳು ಮೂಗು ಮುರಿದಳು. ತಳಕ್ಕೆ ಕಪ್ಪು ಮರಳು, ಗಾಜಿನ ಹಿಂದೆ ಕಪ್ಪು ಕಾಗದ. ಕಪ್ಪು ಹಲಗೆಯ ಮೇಲಿನ ಕಿತ್ತಳೆ ಅಕ್ಷರ ಎಷ್ಟು ದೂರಕ್ಕೆ ಹೊಡೆಯುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಮಗಳು ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. ಪಕ್ಕದ ಮನೆಯಾಕೆ ಫೋನ್ ಮಾಡಿ, ನಿಮ್ಮಮ್ಮ ಒಬ್ಬರೇ ಬೀದಿಗಿಳಿದು ಮೀನಿನ ಅಂಗಡಿ ಹೊಕ್ಕಿದ್ದಾರೆ ಅಂತ ಹೇಳಿದ್ದಳು.

"ಜೀವ ಬಾಯಿಗೆ ಬಂತಲ್ಲಮ್ಮ! ಏನಾದ್ರೂ ಆಗಿದ್ರೆ?"

"ಏಣಿ ಮೇಲಿದ್ದಾಗ್ಲೂ ಆಗಬಹುದಿತ್ತು. ಆಗ ನೀನು ಕೆಳಗೆ ನಿಂತು ಬಣ್ಣದ ಡಬ್ಬ ಹಿಡ್ಕೊಂಡಿರ್ತಿದ್ದೆ, ಅಷ್ಟೇ."

ಅಂಗಡಿಯವ ಈಗ ಮಗಳ ಕಡೆ ತಿರುಗಿದ. "ಮೇಡಂ, ಹಾಗಾದ್ರೆ ಯಾವುದು ಕೊಡ್ಲಿ?"

ಬೋರ್ಡಮ್ಮ ಮೇಜನ್ನು ಪಟಾರನೆ ತಟ್ಟಿದಳು. "ಗಿರಾಕಿ ನಾನು. ನನ್ನನ್ನ ಕೇಳಿ."

ಆ ದಿನ ಮನೆಗೆ ಬಂದದ್ದು ತೊಟ್ಟಿ, ಫಿಲ್ಟರ್, ಮರಳು, ಗಿಡ ಅಷ್ಟೇ. ನೀರು ಹದಕ್ಕೆ ಬರುವವರೆಗೆ ಮೀನು ಬಿಡಬಾರದೆಂದು ಅಂಗಡಿಯವ ಹೇಳಿದ್ದ. ಫಿಲ್ಟರಿನ ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದು, ಮೀನಿನ ಕೊಳೆಯನ್ನು ಅವೇ ತಿನ್ನಬೇಕಂತೆ. ಅವಳು ಎಲ್ಲವನ್ನೂ ಬೆರಳಲ್ಲೇ ಮಾಡಿದಳು. ಹುಲ್ಲಿನ ಬೇರನ್ನು ಮರಳಿಗಿಳಿಸಿ ಬುಡವನ್ನು ಮೇಲೆ ಬಿಟ್ಟಳು. ಜಾವಾ ಫರ್ನ್ ಅನ್ನುವ ಇನ್ನೊಂದು ನೀರಿನ ಗಿಡವನ್ನು ಹೂಳದೆ ಮರದ ತುಂಡಿಗೆ ದಾರದಿಂದ ಕಟ್ಟಿದಳು. ಮಗಳು ಪಕ್ಕದಲ್ಲಿ ಕೈ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

ವಾರಗಳು ಉರುಳಿದವು. "ಅತ್ತೆ, ಮೀನುಗಳು ನಾಚಿಕೊಂಡು ಒಳಗೇ ಇವೆಯಾ?" ಅನ್ನುತ್ತಿದ್ದ ಅಳಿಯ.

"ನೀವು ತಲೆ ಬಾಚ್ಕೊಂಡು ಬಂದ್ರೆ ಹೊರಗೆ ಬರ್ತವೆ" ಅನ್ನುತ್ತಿದ್ದಳು ಅವಳು. ಅಳಿಯನ ತಲೆ ಬೋಳು.

ಹುಲ್ಲಿನ ಎಲೆಗಳು ಕೊಳೆತು ಕರಗತೊಡಗಿದಾಗ ಮಗಳು ಕಿತ್ತೆಸೆಯೋಣ ಅಂದಳು.

"ಕತ್ತರಿ ಕೊಡು."

"ನಾನು ಕತ್ತರಿಸ್ತೀನಿ."

"ಕತ್ತರಿ."

ಮಗಳು ಕೊಟ್ಟಳು. ಬೋರ್ಡಮ್ಮ ಲೋಳೆಯಾದ ಎಲೆಗಳನ್ನು ತಡವಿ ತಡವಿ ಕತ್ತರಿಸಿ ತೆಗೆದಳು. ಕೆಲ ದಿನಗಳಲ್ಲಿ ಪಕ್ಕದಲ್ಲೇ ಹೊಸ ಚಿಗುರು ಬೆರಳಿಗೆ ಸಿಕ್ಕಿತು.

ಇನ್ನೇನು ಮೀನು ತರಬೇಕು ಅನ್ನುವಾಗ ಆ ಎಡವಟ್ಟಾಯಿತು. ಮಧ್ಯಾಹ್ನ ಮಲಗಿ ಎದ್ದವಳ ಮೂಗಿಗೆ ಸೋಪಿನ ವಾಸನೆ ಬಡಿಯಿತು. ಮಗಳು ತಾಯಿಗೆ ಶ್ರಮ ಕಡಿಮೆಯಾಗಲಿ ಅಂತ ನೀರು ಚೆಲ್ಲಿ, ಗಾಜು ಉಜ್ಜಿ, ಫಿಲ್ಟರಿನ ಸ್ಪಂಜನ್ನೂ ಸೋಪು ಹಾಕಿ ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದಿದ್ದಳು. ಇಷ್ಟು ವಾರ ಬೆಳೆಸಿದ್ದೆಲ್ಲ ಮೋರಿಗೆ ಹೋಗಿತ್ತು.

"ಕೊಳೆಯಾಗಿತ್ತಮ್ಮ" ಅಂದಳು ಮಗಳು.

"ಆಗಿರ್ಲಿ. ನನ್ನ ಕೊಳೆ."

ಅವಳ ದನಿ ಏರಲಿಲ್ಲ, ಅದೇ ಮಗಳನ್ನು ಹೆದರಿಸಿತು. "ಚಾಕು ತೊಗೊಂಡೆ, ಒಲೆ ತೊಗೊಂಡೆ, ಬೀದಿ ತೊಗೊಂಡೆ. ನಿನ್ನ ಪ್ರೀತಿ ಅಂತ ಎಲ್ಲ ಹೊಟ್ಟೆಗೆ ಹಾಕ್ಕೊಂಡೆ. ಇದನ್ನ ಮಾತ್ರ ಕೊಡಲ್ಲ. ಕೊಡಲ್ಲ ಅಂದ್ರೆ ಕೊಡಲ್ಲ."

ಮಗಳು ಅತ್ತಳು. ಬೋರ್ಡಮ್ಮ ಸಮಾಧಾನ ಮಾಡಲಿಲ್ಲ. ಸೋಪು ಕುಡಿದ ಸ್ಪಂಜನ್ನು ಎಸೆದು, ಮಾರನೆಯ ದಿನ ಒಬ್ಬಳೇ ಹೋಗಿ ಹೊಸದು ತಂದಳು. ತೊಟ್ಟಿ, ಮರಳು, ಗಿಡ ಎಲ್ಲವನ್ನೂ ಸೋಪಿನ ಜಾರು ಹೋಗುವವರೆಗೆ ಜಾಲಾಡಿ ಮೊದಲಿನಿಂದ ಶುರುಮಾಡಿದಳು. ಈ ಸಲ ನೀರು ಹೊತ್ತು ತಂದವಳು ಮಗಳೇ. "ಎಲ್ಲಿ ಇಡ್ಲಿ?" ಅಂತ ಕೇಳಿ ಇಟ್ಟಳು.

ಕೊನೆಗೂ ಮೀನು ತರುವ ದಿನ ಬಂತು. ತಾಯಿ ಮುಂದೆ, ಮಗಳು ನಾಲ್ಕು ಹೆಜ್ಜೆ ಹಿಂದೆ. ಕೈ ಹಿಡಿಯಲು ಒಮ್ಮೆ ಮುಂದಾಗಿ ಮಗಳು ತಾನೇ ಹಿಂದೆ ಸರಿದಳು. ಅಂಗಡಿಯವ ಈ ಸಲ ಬೋರ್ಡಮ್ಮನನ್ನೇ ಕೇಳಿದ. ಪ್ಲಾಟಿಗಳಲ್ಲಿ ರೆಕ್ಕೆ ಮುದುಡಿಕೊಂಡು ಮೂಲೆ ಹಿಡಿದಿದ್ದ ಒಂದನ್ನು ಅವಳು ಬೇಡವೆಂದಳು. "ಅಲುಗಾಡದೆ ಇರೋದು ನನಗೆ ಆಗಲ್ಲ."

ತೊಟ್ಟಿಯನ್ನು ಅವಳ ಕುರ್ಚಿಯ ಎಡಗಡೆ ಇಟ್ಟಿದ್ದರು. ಎದುರಿಗೆ ಬರೀ ಬಿಳಿ ಗೋಡೆ. ಗಂಟೆಗಟ್ಟಲೆ ಆ ಗೋಡೆಯನ್ನೇ ನೋಡುತ್ತ ಕೂತವಳ ಕಣ್ಣಂಚಿನಲ್ಲಿ ಪಟ್ಟೆಗಳು ಗೀಚಿಕೊಂಡು ಓಡುತ್ತಿದ್ದವು, ಹಸಿರು ಬಳುಕುತ್ತಿತ್ತು, ಕಿತ್ತಳೆ ಬಣ್ಣ ನಿಧಾನವಾಗಿ ಏರಿ ಇಳಿಯುತ್ತಿತ್ತು.

ಒಂದು ಸಂಜೆ ಪಕ್ಕದ ಮನೆಯಾಕೆ ಬಂದಳು. ಬಾಗಿಲಲ್ಲೇ ನಿಂತು, ದನಿ ತಗ್ಗಿಸಿ, "ಪಾಪ, ಏನೂ ಕಾಣದಿದ್ರೂ ಮೀನು ಸಾಕಿದಾರೆ ನೋಡಿ" ಅಂದಳು ಮಗಳಿಗೆ.

"ಕಾಣುತ್ತೆ ಅವರಿಗೆ" ಅಂದಳು ಮಗಳು, ದನಿ ತಗ್ಗಿಸದೆ. "ಪಕ್ಕಕ್ಕೆ ಬಂದು ಕೂತ್ಕೊಳ್ಳಿ. ನೀವೂ ಕಾಣ್ತೀರ."

ಪಕ್ಕದ ಮನೆಯಾಕೆ ಏನೂ ತಿಳಿಯದೆ ಒಂದು ಕುರ್ಚಿ ಎಳೆದುಕೊಂಡಳು.

"ಸ್ವಲ್ಪ ಹಿಂದೆ" ಅಂದಳು ಬೋರ್ಡಮ್ಮ, ಗೋಡೆಯಿಂದ ಮುಖ ತಿರುಗಿಸದೆ. "ತೊಟ್ಟಿಗೆ ಅಡ್ಡ ಬರ್ತಿದೀರ."